ನೀಲಿ ಶೀಟು ಬಿದ್ದ ಜಾಗ

"ಈ ಶೀಟು ಇಲ್ಲೇ ಬಿದ್ದಿದ್ದಾ?"

ಒದ್ದೆ ಪುಸ್ತಕಗಳ ರಾಶಿಯ ನಡುವೆ ಕೂತಿದ್ದ ಅವಳು ತಲೆಯೆತ್ತಿದಳು. ವಾಚನಾಲಯದ ಪಶ್ಚಿಮದ ಗೋಡೆಯ ಹತ್ತಿರ ಅಪರಿಚಿತನೊಬ್ಬ ನಿಂತಿದ್ದ. ಕೈಯಲ್ಲಿ ದಿಕ್ಸೂಚಿ, ಹೆಗಲಲ್ಲಿ ಅಳತೆ ಟೇಪು, ಕಣ್ಣು ನೇರ ಅವಳ ಮುಖದ ಮೇಲೆ.

"ಹೌದು." ಅವಳ ಕೈ ತಾನಾಗಿ ಎಡಗಿವಿಯ ಓಲೆಗೆ ಹೋಯಿತು. "ಇಲ್ಲೇ ಬಿದ್ದಿದ್ದು."

"ಯಾರೂ ಎತ್ತಿಟ್ಟಿಲ್ಲ?"

"ಅಷ್ಟು ದೊಡ್ಡ ತಗಡನ್ನ ಯಾರು ಎತ್ತಿಡ್ತಾರೆ?"

ಅವನು ಏನೋ ಬರೆದುಕೊಂಡ. ಬರೆದದ್ದು ಒಂದೇ ಸಾಲು. ಅವಳ ಕಡೆ ನೋಡಿದ್ದು ಮಾತ್ರ ಎರಡು ಸಲ...

ಇವನಿಗೆ ಗೊತ್ತಾಗಿಹೋಯ್ತಾ?

ಗೊತ್ತಾಗಬಾರದ ಸಂಗತಿ ಇದ್ದದ್ದಂತೂ ನಿಜ. ನಾಲ್ಕು ದಿನದ ಹಿಂದೆ ಮಧ್ಯಾಹ್ನ ಗುಡುಗಿನ ಜೊತೆ ಹತ್ತೇ ನಿಮಿಷ ಬೀಸಿದ ಗಾಳಿ ವಾಚನಾಲಯದ ಚಾವಣಿಯನ್ನು ಕಿತ್ತೆಸೆದಿತ್ತು. ಆ ಚಾವಣಿ ಹಾಕಿದ ಮೇಸ್ತ್ರಿ ಅವಳ ಅಪ್ಪ. ಅದರ ಕೆಳಗೆ ಕೂತು ಹರಿದ ಪುಸ್ತಕಗಳಿಗೆ ಬೈಂಡು ಹಾಕುವವಳು ಅವಳು.

"ಬೋಲ್ಟು ಸರಿಯಾಗಿ ಬಿಗಿದಿದ್ರೆ ಹೀಗಾಗ್ತಿತ್ತಾ?" ಎಂದು ವಾಚನಾಲಯದ ಅಧ್ಯಕ್ಷರು ನಾಲ್ಕು ಜನರ ಎದುರೇ ಅಂದುಬಿಟ್ಟಿದ್ದರು. ಅಂದಿನಿಂದ ಅಪ್ಪ ಹೊಸ್ತಿಲು ದಾಟಿರಲಿಲ್ಲ. ಮೂವತ್ತು ವರ್ಷದಿಂದ ಅವರು ಹಾಕಿದ ಚಾವಣಿಗಳ ಕೆಳಗೆ ನಿಶ್ಚಿಂತೆಯಿಂದ ಮಲಗಿದ್ದ ಜನ ಈಗ ಕತ್ತೆತ್ತಿ ನೋಡತೊಡಗಿದ್ದರು. ತಪ್ಪು ಗಾಳಿಯದೋ ಮೇಸ್ತ್ರಿಯದೋ ಎಂದು ವರದಿ ಬರೆಯಲು ಬಂದವನೇ ಇವನು. ಬೀದಿಯವರು ಆಗಲೇ 'ಗಾಳಿ ಸಾಹೇಬ' ಎಂದು ನಾಮಕರಣ ಮಾಡಿ ಮುಗಿಸಿದ್ದರು.

ಚಾವಣಿಯ ಆ ನೀಲಿ ಶೀಟು ಬಿದ್ದದ್ದು ಇಲ್ಲಲ್ಲ. ಪೂರ್ವಕ್ಕೆ ಹಾರಿ ಹೋಗಿ ಅವಳ ಮನೆಯ ಗೇಟಿಗೇ ಬಡಿದಿತ್ತು. ಅಷ್ಟು ದೂರ ಹಾರಿತೆಂದು ತಿಳಿದರೆ ಅಪ್ಪನ ಬೋಲ್ಟುಗಳ ಬಗ್ಗೆ ಜನ ಏನಂದಾರು? ಮರುದಿನ ಬೆಳಕು ಹರಿಯುವ ಹೊತ್ತಿಗೆ ಪಕ್ಕದ ಮನೆಯ ಕೈಗಾಡಿಯಲ್ಲಿ ಎಳೆದು ತಂದು, ಜಾಗ ಸಿಕ್ಕ ಕಡೆ, ಈ ಗೋಡೆಯ ಬುಡಕ್ಕೆ ಹಾಕಿದ್ದಳು.

ಮರುದಿನವೂ ಅವನು ಬಂದ. ಅದರ ಮರುದಿನವೂ. ಬಿದ್ದ ಒಂದೊಂದು ಮರದ ಮೇಲೂ ದಿಕ್ಸೂಚಿ ಇಟ್ಟು ಬಾಣದ ಗುರುತು ಬರೆದುಕೊಳ್ಳುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಗಾಳಿ ಬಂದು ಹೋಗಾಯ್ತು. ಇನ್ನೇನು ಹುಡುಕ್ತಿದೀರ?"

"ಎತ್ತ ಹೋಯ್ತು ಅಂತ," ಎಂದ ಅವನು. "ಇದು ಸುತ್ತೋ ಗಾಳಿ ಅಲ್ಲ. ಮೋಡದಿಂದ ನೇರ ಕೆಳಗೆ ಬಿದ್ದು ಚೆಲ್ಲಿದ್ದು. ಬಕೆಟ್ ನೀರು ನೆಲಕ್ಕೆ ಸುರಿದ್ರೆ ಸುತ್ತ ಹರಡಲ್ವಾ, ಹಾಗೆ. ಬಿದ್ದಿದ್ದು ಪಶ್ಚಿಮಕ್ಕಿರೋ ಆ ಮೈದಾನದಲ್ಲಿ. ಅಲ್ಲಿಂದ ಎಲ್ಲಾನೂ ಹೊರಕ್ಕೆ ತಳ್ಳಿದೆ. ನಿಮ್ಮ ಬೀದಿ ಮರ ಎಲ್ಲಾ ಪೂರ್ವಕ್ಕೇ ಮಲಗಿವೆ ನೋಡಿ."

ಸ್ವಲ್ಪ ತಡೆದು ಸೇರಿಸಿದ. "ಈ ಶೀಟೊಂದು ಬಿಟ್ಟು."

ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಐದನೆಯ ದಿನ ಅವನು ಏಣಿಯಿಂದ ಇಳಿಯುವಾಗ ಒಂದು ಬೋಲ್ಟನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿದ್ದು ಅವಳ ಕಣ್ಣಿಗೆ ಬಿತ್ತು. ಅದೇ ಬೆಳಿಗ್ಗೆ ಅಧ್ಯಕ್ಷರ ಜೊತೆ ಚಹಾ ಕುಡಿಯುತ್ತಿದ್ದದ್ದನ್ನೂ ನೋಡಿದ್ದಳು. ಒಳಗೊಳಗೇ ಏನೋ ನಡೆದಿದೆ!

"ಏನದು? ಕೊಡಿ ಇಲ್ಲಿ."

"ಕೊಡೋಕಾಗಲ್ಲ ಮೇಡಂ."

"ನಾನೇನು ಕದೀತೀನಾ?"

"ಹಾಗಂದಿಲ್ಲ. ಇಲ್ಲಿ ವಸ್ತುಗಳು ಜಾಗ ಬದಲಾಯಿಸ್ತವೆ. ಅದಕ್ಕೆ."

ಅವಳ ಮುಖ ಕೆಂಪಾಯಿತು. ಅವನು ತನ್ನನ್ನು ನಂಬುತ್ತಿಲ್ಲ. ತಾನೂ ಅವನನ್ನು ನಂಬುತ್ತಿಲ್ಲ. ಹಾಗಿರುವಾಗ ಪ್ರತಿ ಸಂಜೆ ಕೆಲಸ ಮುಗಿಸಿ ಬಂದು ಅವನು ಅವಳೆದುರು ಕೂರುತ್ತಿದ್ದದ್ದಾದರೂ ಯಾಕೆ? ಕೇಳದೆಯೇ ಒದ್ದೆ ಪುಸ್ತಕವೊಂದನ್ನು ಎತ್ತಿಕೊಂಡು, ಅಂಟಿಕೊಂಡ ಹಾಳೆಗಳನ್ನು ಅಂಚು ಹಿಡಿದು ಒಂದೊಂದಾಗಿ ಬಿಡಿಸಿ, ನಡುವೆ ನೀರು ಹೀರುವ ಒತ್ತುಕಾಗದ ಇಡುತ್ತಿದ್ದ. ಒಂದು ಹಾಳೆಯೂ ಹರಿಯುತ್ತಿರಲಿಲ್ಲ.

ಇವನ ಕೈ ಯಾಕೆ ಇಷ್ಟು ಮೆದು... ಅಪ್ಪನ ಮಾನ ಕಳೆಯೋಕೆ ಬಂದವನು! ತನ್ನ ಮೇಲೆಯೇ ಅವಳಿಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ನಡುವೆಯೇ ಮರುದಿನ ಅವನಿಗೊಂದು ಸ್ಟೂಲನ್ನು ಒರೆಸಿ ಇಟ್ಟಿರುತ್ತಿದ್ದಳು.

ಹೊರಡುವಾಗ ಅವನದು ಅದೇ ಪ್ರಶ್ನೆ. "ಶೀಟು ಇಲ್ಲೇ ಬಿದ್ದಿದ್ದಾ?"

"ಎಷ್ಟು ಸಲ ಹೇಳ್ಬೇಕು?" ಅವಳ ಕೈ ಓಲೆಯ ಮೇಲೆ.

ಎಂಟನೆಯ ದಿನ ಊಟಕ್ಕೆ ಕೂತಾಗ ಅಪ್ಪ ಕೇಳಿದರು. "ಶೀಟು ವಾಚನಾಲಯದ ಗೋಡೆ ಹತ್ರಾನೇ ಬಿತ್ತು ಅಂದ್ಯಂತೆ?"

ಅವಳ ತುತ್ತು ಕೈಯಲ್ಲೇ ಉಳಿಯಿತು.

"ನಮ್ಮ ಗೇಟಿಗೆ ಬಡಿದ ಸದ್ದು ನನ್ನ ಕಿವಿಗೂ ಬಿತ್ತಮ್ಮ. ಯಾಕೆ ಸುಳ್ಳು ಹೇಳಿದೆ?"

"ನಿಮಗೋಸ್ಕರ ಅಪ್ಪಾ... ಅಷ್ಟು ದೂರ ಹಾರಿದೆ ಅಂದ್ರೆ, ಬೋಲ್ಟು..."

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಅಧ್ಯಕ್ಷರು ಅಂದಾಗ ಬೇಜಾರಾಯ್ತು, ಅಷ್ಟೆ. ಆದ್ರೆ ನೀನೂ ನನ್ನ ಕೆಲಸಾನ ಅನುಮಾನಿಸಿದೆಯಲ್ಲ ಮಗಳೇ."

ಅವಳಿಗೆ ಅಳು ಒತ್ತರಿಸಿ ಬಂತು. ಹೌದು, ಅನುಮಾನಿಸಿದ್ದಳು. ಊರೆಲ್ಲ ಕತ್ತೆತ್ತಿ ನೋಡುವ ಮೊದಲೇ ತಾನು ನೋಡಿದ್ದಳು.

"ಎಲ್ಲಿ ಬಿತ್ತೋ ಅಲ್ಲೇ ಬಿತ್ತು ಅಂತ ಹೇಳು. ಆಮೇಲೆ ಏನಾಗತ್ತೋ ಆಗ್ಲಿ," ಎಂದು ಅಪ್ಪ ಎದ್ದು ಕೈತೊಳೆದರು.

ಮರುದಿನ ಬೆಳಿಗ್ಗೆ ಅವಳು ಓಡಿ ಬಂದಾಗ ಅವನು ಚೀಲ ಹೆಗಲಿಗೇರಿಸಿ ನಿಂತಿದ್ದ.

"ನಾನು ಸುಳ್ಳು ಹೇಳಿದ್ದೆ. ಶೀಟು ಬಿದ್ದಿದ್ದು ನಮ್ಮ ಗೇಟಿನ ಹತ್ರ. ಇಲ್ಲಿಗೆ ಎಳ್ಕೊಂಡು ಬಂದಿದ್ದು ನಾನೇ. ಬರ್ಕೊಳ್ಳಿ." ಕೈಗಳೆರಡೂ ಬಿಗಿಯಾಗಿ ಕೆಳಗೇ ಇದ್ದವು.

ಅವನು ಉಸಿರು ಬಿಟ್ಟ ರೀತಿ, ಒಂಬತ್ತು ದಿನ ಅದನ್ನು ಹಿಡಿದೇ ಇಟ್ಟಿದ್ದನೇನೋ ಅನ್ನಿಸುವಂತಿತ್ತು. ಚೀಲ ಇಳಿಸಿ, ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ.

"ನೋಡಿ. ನಿಮ್ಮಪ್ಪ ಬಿಗಿದ ಬೋಲ್ಟು. ನಟ್ಟು ಒಂದು ಸುತ್ತೂ ಸಡಿಲ ಆಗಿಲ್ಲ. ಚಾವಣಿ ತೊಲೆ ಮರಾನೇ ಸೀಳ್ಕೊಂಡು ಬಂದಿದೆ. ಶೀಟು ಗೇಟಿನವರೆಗೆ ಹಾರಿದೆ ಅಂದ್ರೆ ಗಾಳಿ ಅಷ್ಟು ಜೋರಿತ್ತು ಅಂತ. ಗೋಡೆ ಬುಡದಲ್ಲೇ ಬಿತ್ತು ಅಂದಿದ್ರೆ, ಗಾಳಿ ಬರೋಕೆ ಮುಂಚೆನೇ ಸಡಿಲ ಆಗಿ ಜಾರಿದೆ ಅಂತ ಬರೀಬೇಕಾಗ್ತಿತ್ತು."

ಅವಳು ಪುಸ್ತಕದ ಪೆಟ್ಟಿಗೆಯೊಂದರ ಮೇಲೆ ಕೂತಳು. ಅಪ್ಪನನ್ನು ಉಳಿಸಲು ಹೇಳಿದ ಸುಳ್ಳೇ ಅಪ್ಪನನ್ನು ಮುಳುಗಿಸುತ್ತಿತ್ತು!

"ಮೊದಲೇ ಹೇಳ್ಬಾರ್ದಿತ್ತಾ?"

"ಸಾಕ್ಷಿ ಬಾಯಿಗೆ ನಾವು ಉತ್ತರ ತುರುಕೋ ಹಾಗಿಲ್ಲ. ನಾನು ಹೇಳ್ಕೊಟ್ಟೆ ಅಂತಾದ್ರೆ ಈ ವರದೀನ ಯಾರೂ ನಂಬಲ್ಲ. ನಿಮ್ಮ ಗೇಟಿನ ಕಂಬಕ್ಕೆ ನೀಲಿ ಬಣ್ಣ ಉಜ್ಜಿರೋದು ಎರಡನೇ ದಿನಾನೇ ನೋಡಿದ್ದೆ. ಆದ್ರೆ ನೀವೇ ಹೇಳ್ಬೇಕಿತ್ತು."

"ಮತ್ತೆ ಅಧ್ಯಕ್ಷರ ಜೊತೆ ಚಹಾ?"

"ಚಾವಣಿ ನಕ್ಷೆ ಅವರ ಹತ್ರ ಇತ್ತು. ಚಹಾ ಏನೂ ಚೆನ್ನಾಗಿರ್ಲಿಲ್ಲ."

ಅಳು ಬರುವಂತಿದ್ದವಳಿಗೆ ನಗು ಬಂದುಬಿಟ್ಟಿತು.

ವಾಚನಾಲಯದಿಂದ ಗೇಟಿನವರೆಗೆ ಅಳೆಯಬೇಕಿತ್ತು. ಟೇಪಿನ ಈ ತುದಿ ಯಾರು ಹಿಡಿಯುವುದು ಎಂದು ನೋಡುತ್ತಿರುವಾಗ ಅಪ್ಪ ಬೀದಿಯಲ್ಲಿ ನಡೆದು ಬರುತ್ತಿದ್ದರು. ಅಷ್ಟು ದಿನ ಮನೆಯೊಳಗೇ ಕೂತಿದ್ದ ಮೇಲೆ. ತುದಿಯನ್ನು ತೆಗೆದುಕೊಂಡು ಗೋಡೆಗೆ ಒತ್ತಿ ಹಿಡಿದರು.

ಇವರಿಬ್ಬರೂ ಟೇಪು ಬಿಚ್ಚುತ್ತ ಗೇಟಿನವರೆಗೆ ಬಂದರು. ಅವಳು ಟೇಪು ಎಳೆದು ಹಿಡಿದಳು. ಅವನು ಬಗ್ಗಿ ಓದಿದ.

"ಎಂಬತ್ತಾರು ಮೀಟರ್." ಬರೆದುಕೊಂಡು, ತಲೆಯೆತ್ತದೆ ಹೇಳಿದ. "ನನ್ನ ಕೆಲಸ ಐದನೇ ದಿನಾನೇ ಮುಗಿದಿತ್ತು."

"ಮತ್ತೆ ನಾಲ್ಕು ದಿನ? ನಾನು ಬಾಯಿ ಬಿಡ್ಲಿ ಅಂತ ಕಾದ್ರಾ?"

"ಮೊದಲೆರಡು ದಿನ ಅದಕ್ಕೆ. ಆಮೇಲೆ... ನಿಮ್ಮೆದುರು ಕೂತು ಹಾಳೆ ಬಿಡಿಸೋದು ನನಗೆ ಇಷ್ಟ ಆಯ್ತು." ಅವನ ದನಿ ಸಣ್ಣದಾಯಿತು. "ನೀವು ಸುಳ್ಳು ಹೇಳೋವಾಗ ಎಡಗಿವಿ ಓಲೆ ಮುಟ್ಕೊಳ್ತೀರ. ಗೊತ್ತಾ?"

"ಸುಳ್ಳು."

"ಹಾಗಾದ್ರೆ ಒಂದು ಪ್ರಶ್ನೆ ಕೇಳ್ತೀನಿ. ಇವತ್ತು ಸಂಜೆ ಬಸ್ಸಿಗೆ ನಾನು ಹೋಗ್ಲಾ?"

ಅವಳು ಅವನ ಕಡೆ ನೋಡಲಿಲ್ಲ. "ಹೋಗಿ. ನನಗೇನಂತೆ."

ಎಂಬತ್ತಾರು ಮೀಟರ್ ದೂರದಿಂದ ಅಪ್ಪನ ದನಿ ಕೇಳಿಸಿತು. "ಟೇಪು ಯಾಕಮ್ಮ ಬಿಟ್ಟೆ?"

ಟೇಪು ನೆಲದ ಮೇಲಿತ್ತು. ಅವಳ ಕೈ ಓಲೆಯ ಮೇಲಿತ್ತು.