ಚಾಚಿದ ಅಂಗೈ

“ನಿಮ್ಮ ಕೈ ಬೇಕಿತ್ತು,” ಎಂದ ಕೆಳಮನೆಯ ಶಿಲ್ಪಿ, ಬಾಗಿಲಲ್ಲೇ ನಿಂತು.

ರವಿಕೆ ಹೊಲಿಯುತ್ತಿದ್ದವಳ ಸೂಜಿ ಅಲ್ಲೇ ನಿಂತಿತು. ಒಳಗಿನಿಂದ ಚಿಕ್ಕಮ್ಮ ಕಿಸಕ್ಕೆಂದಳು. “ಅಲ್ಲಪ್ಪಾ, ಹೆಸರೂ ಕೇಳ್ದೆ ಕೈ ಹಿಡಿಯೋಕೆ ಬಂದ್ಯಾ?”

“ಅಯ್ಯೋ, ನೋಡ್ಕೊಂಡು ಕೆತ್ತೋಕೆ!” ಎಂದ ಅವನ ಕಿವಿಗಳು ಕೆಂಪಾಗಿದ್ದವು. ಆ ಕಿವಿಗಳನ್ನು ನೋಡಿಯೇ ಅವಳು ಒಪ್ಪಿದ್ದು.

ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ದೇವಮಾತೆಯನ್ನು ಎಲ್ಲರೂ ಕಂಡವರೇ. ಅವನು ತನ್ನ ಕೆತ್ತನೆಯಲ್ಲಿ ಆ ತಾಯಿಯನ್ನು ಎಬ್ಬಿಸಿ ನಿಲ್ಲಿಸಿದ್ದ. ಆಳೆತ್ತರದ ಮರದ ಹೆಣ್ಣು, ತೋಳು ಮಡಚಿದ ಅಂಗಿ, ಬಿಚ್ಚಿದ ಕೂದಲು. ಚಾಚಿದ ಅಂಗೈಗಳ ಮೇಲೆ ನಿದ್ದೆಹೋದ ಮಗುವನ್ನು ಎದುರಿಗಿದ್ದವರಿಗೆ ಕೊಟ್ಟೇಬಿಡುವ ನಿಲುವು.

“ಯಾರು ತಗೋತಾರೆ ಈ ಮಗುನ?” ಎಂದು ಕೇಳಿದಳು.

“ನೋಡೋಕೆ ಬಂದೋರು. ಅವರಿಗೆ ಎದೆ ಧಸಕ್ ಅನ್ಬೇಕು.”

“ನಂಗಾಗ್ಲೇ ಅಂತು,” ಎಂದಳು. ಅವನು ಕತ್ತೆತ್ತಿ ನೋಡಿದ. ಅವಳು ಮರವನ್ನು ನೋಡುತ್ತಿರಲಿಲ್ಲ.

ಕೆತ್ತನೆ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಯಾರೋ ಅವಳ ಅಂಗೈ ಸವರಿದರು. ಮೆಲ್ಲಗೆ, ಬೆರಳು ಬೆರಳನ್ನೂ. ಕೋಣೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಕೆಳಗೆ ಮಾತ್ರ ಸ್ಯಾಂಡ್‌ಪೇಪರ್ ಪರಪರ ಎನ್ನುತ್ತಿತ್ತು. ಸದ್ದು ನಿಂತಿತು, ಸ್ಪರ್ಶವೂ ನಿಂತಿತು.

ಭಯವಾಯಿತು. ಹೇಳಲು ನಾಚಿಕೆಯಾಯಿತು. ಮರುದಿನ ಸದ್ದು ಬರುವುದು ತಡವಾದಾಗ, ಕೆಲಸ ಬಿಟ್ಟು ಕಾಯುತ್ತ ಕೂತಿದ್ದಳು.

ಪ್ರದರ್ಶನಕ್ಕೆ ಒಯ್ಯುವ ದಿನ ಕೆಳಗಿನಿಂದ ಡ್ರಿಲ್ಲಿಂಗ್ ಮೆಷಿನ್ ಕಿರುಚಿತು. ಅವಳೂ ಕಿರುಚಿದಳು. ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು.

“ನಿಲ್ಸಿ!”

“ಅಂಗೈಗೆ ಕಂಬಿ ಹಾಕ್ದಿದ್ರೆ ಮಗು ಬಿದ್ದುಹೋಗತ್ತೆ ಕಣ್ರೀ...”

ಅವಳು ಅಂಗೈ ಬಿಚ್ಚಿದಳು. ನಟ್ಟನಡುವೆ ಒಂದು ಹನಿ ರಕ್ತ. ಮರದ ಅಂಗೈಯಲ್ಲೂ ಅದೇ ಜಾಗದಲ್ಲಿ ಡ್ರಿಲ್ ಆಗತಾನೆ ಮೂತಿಯಿಟ್ಟಿತ್ತು.

ಅವನ ಮುಖ ಬಿಳಿಚಿಕೊಂಡಿತು. “ಯಾವಾಗಿಂದ?”

“ನೀವು ಉಜ್ಜೋಕೆ ಶುರು ಮಾಡಿದಾಗಿಂದ.”

“ಹಾಗಾದ್ರೆ... ನುಣುಪಾದ ಮೇಲೂ ನಾನು ಸುಮ್ಸುಮ್ನೆ...”

“ಅದೂ ಗೊತ್ತಾಯ್ತು.”

“ಬೇಜಾರಾಯ್ತಾ?”

“ನಿಲ್ಲಿಸಿದಾಗ ಆಗ್ತಿತ್ತು.”

ಅವನು ಮೆಷಿನ್ನಿನ ವೈರು ಕಿತ್ತೆಸೆದ. ಕರವಸ್ತ್ರದಿಂದ ಅವಳ ಅಂಗೈ ಒತ್ತಿ ಹಿಡಿದ. “ನಂಗೆ ಇಷ್ಟು ದಿನ ಈ ಮರದವಳನ್ನ ಮುಟ್ಟೋಕಷ್ಟೇ ಧೈರ್ಯ ಇತ್ತು,” ಎಂದ. ಅವಳ ಬೆರಳುಗಳು ಮಡಚಿ ಅವನ ಕೈಯನ್ನು ಬಿಗಿಯಾಗಿ ಅಪ್ಪಿಕೊಂಡವು.

ಬೆನ್ನ ಹಿಂದೆ ಮರ ಕಿರ್ರೆಂದಿತು.

ಇಬ್ಬರೂ ತಿರುಗಿದರು. ಮರದ ಬೆರಳುಗಳು ಒಂದೊಂದಾಗಿ ಮಗುವಿನ ಸುತ್ತ ಮಡಚಿಕೊಳ್ಳುತ್ತಿದ್ದವು. ಇನ್ನು ಅದು ಬೀಳುವಂತಿರಲಿಲ್ಲ. ಯಾರಿಗೂ ಕೊಡುವಂತೆಯೂ ಇರಲಿಲ್ಲ.

“ಕೈ ಬಿಡ್ಲಾ?” ಪಿಸುದನಿಯಲ್ಲಿ ಕೇಳಿದ.

“ಬೇಡ,” ಎಂದಳು ಅವಳು. “ಬಿಟ್ರೆ ಮಗು ಬೀಳತ್ತೆ.”