ಕೇಬಲ್ ಕಿತ್ತ ಮೇಲೆ

ನಾನು ಆಪರೇಟಿಂಗ್ ಸಿಸ್ಟಮ್ ಬರೆಯುವವನು. ದೆವ್ವಕ್ಕೂ ನನಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಆದರೂ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ತೀರಿಹೋದ ಭಾವನ ಧ್ವನಿ ಉಳಿದದ್ದು ಒಂದು ಹಳೆಯ ಡಿಸ್ಕಿನಲ್ಲಿ ಮಾತ್ರ. ಯಾವ ಹೊಸ ಯಂತ್ರವೂ ಅದನ್ನು ಗುರುತಿಸುತ್ತಿರಲಿಲ್ಲ. ನಮ್ಮ ಮೈಕ್ರೋಕರ್ನೆಲ್ ಸಿಸ್ಟಮ್‌ನಲ್ಲಿ ಡಿಸ್ಕಿನ ಜೊತೆ ಮಾತಾಡುವ ಡ್ರೈವರ್ ಬೇರೆಯೇ ಪ್ರೋಗ್ರಾಂ. ಅದು ಕೆಟ್ಟರೂ ಉಳಿದದ್ದು ನಡೆಯುತ್ತದೆ. ಹಾಗಾಗಿ ಧೈರ್ಯವಾಗಿ ಆ ಡಿಸ್ಕಿಗೊಂದು ಡ್ರೈವರ್ ಬರೆದು, ಮಧ್ಯಾಹ್ನ ಅಕ್ಕನನ್ನು ಕಚೇರಿಗೆ ಕರೆಸಿದೆ.

ಭಾವ ಮಗಳಿಗೆ ಕಥೆ ಓದುತ್ತಿದ್ದ ದನಿ ಸ್ಪೀಕರಿನಲ್ಲಿ ಬಂತು. ಅಕ್ಕನ ಕಣ್ಣು ತುಂಬಿತು. ಅಷ್ಟರಲ್ಲಿ ಡಿಸ್ಕ್ ಕರಕರ ಎಂದು ನಿಂತೇಹೋಯಿತು. ನಾನು ಅದರ ಕೇಬಲ್ ಕಿತ್ತೆ. ಓದು ಮಾತ್ರ ನಿಲ್ಲಲಿಲ್ಲ.

"ಇದೇನೋ, ಇನ್ನೂ ಬರ್ತಿದೆ?"

"ಕ್ಯಾಶ್ ಅಕ್ಕ, ದುಡ್ಡಲ್ಲ! ಡಿಸ್ಕಿಂದ ಓದಿದ್ದನ್ನ ಮೆಮೊರಿ ಸ್ವಲ್ಪ ಹೊತ್ತು ಇಟ್ಕೊಂಡಿರುತ್ತೆ. ಈಗ ನಿಲ್ಲುತ್ತೆ ನೋಡು."

ನಿಲ್ಲಲಿಲ್ಲ. ಕ್ಯಾಶ್ ಖಾಲಿ ಮಾಡಿದೆ. ಭಾವ ಪುಟ ಮಗುಚಿದ ಸದ್ದು ಕೇಳಿಸಿತು. ಆಗಷ್ಟೇ ಓಡಿ ನಿಂತ ಡಿಸ್ಕ್ ಮುಟ್ಟಿದರೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಸ್ವಿಚ್ಚಿಗೆ ಕೈ ಚಾಚಿದೆ.

"ಆಫ್ ಮಾಡ್ಬೇಡ ಕಣೋ," ಅಕ್ಕ ನನ್ನ ಕೈ ಹಿಡಿದಳು. "ಈ ಕಥೆ ಅವರು ಅರ್ಧಕ್ಕೇ ಬಿಟ್ಟಿದ್ರು. ಮಾರನೇ ದಿನಾನೇ ಆಸ್ಪತ್ರೆಗೆ ಸೇರಿದ್ರಲ್ಲ, ಮುಗಿಸ್ಲೇ ಇಲ್ಲ."

ಕಥೆ ಮುಗಿಯುವವರೆಗೂ ಇಬ್ಬರೂ ಕೂತು ಕೇಳಿದೆವು. ಆಮೇಲೆ ಆ ಡಿಸ್ಕನ್ನು ತುದಿಯಿಂದ ತುದಿಗೆ ಜಾಲಾಡಿದ್ದೇನೆ. ಕಥೆಯ ಕೊನೆಯ ಭಾಗ ಅದರಲ್ಲಿಲ್ಲ.