ಉಪ್ಪುನೀರಿನ ರಾಜಕುಮಾರ ಮತ್ತು ಕೂದಲುಪಾಚಿ

ಇದು ಈಚಿನ ಮಾತಲ್ಲ. ದೇವರು ಮನುಷ್ಯರ ಮೊರೆಗೆ ಬೇಗ ಓಗೊಡುತ್ತಿದ್ದ ಕಾಲ. ಮಾಯಾವಿಗಳೂ ಹಾಡಹಗಲೇ ತಿರುಗಾಡುತ್ತಿದ್ದ ಕಾಲ. ಆಗ ಏಳು ಬೆಟ್ಟಗಳ ನಡುವೆ ಸಿರಿವಳ್ಳಿ ಎಂಬ ರಾಜ್ಯವಿತ್ತು. ಅಲ್ಲಿಯವರು ಕಡಲಿನ ಹೆಸರು ಕೇಳಿದ್ದರು, ಕಡಲನ್ನು ಕಂಡಿರಲಿಲ್ಲ.

ರಾಜ ಪದ್ಮಧರ, ರಾಣಿ ಹೊನ್ನಾದೇವಿ. ಅವರಿಗೆ ಇಬ್ಬರು ಮಕ್ಕಳು. ಹಿರಿಯವನು ಜಯಕೀರ್ತಿ, ಕಿರಿಯವಳು ಪದುಮಲೆ.

ಆ ರಾಜ್ಯದಲ್ಲಿ ಒಂದು ಪದ್ಧತಿ. ಮನೆಯವರೊಬ್ಬರು ಊಟದ ಪಂಕ್ತಿಯಲ್ಲಿ ಇಲ್ಲದಿದ್ದರೆ ಅವರ ಹೆಸರಿನಲ್ಲಿ ಮೊದಲ ತುತ್ತು ತೆಗೆದಿಟ್ಟೇ ಉಳಿದವರು ಉಣ್ಣಬೇಕು. ತೆಗೆದಿಡದೆ ಉಂಡರೆ ಇಲ್ಲದವನ ಆಯುಸ್ಸು ಸವೆಯುತ್ತದೆ ಎಂದು ಎಲ್ಲರೂ ನಂಬಿದ್ದರು.

ಗಡಿಯ ಹಳ್ಳಿಗಳಲ್ಲಿ ಧೂಮಜಂಘ ಎಂಬ ಮಾಯಾವಿ ಮಕ್ಕಳನ್ನು ಕದಿಯುತ್ತಿದ್ದ. ಜಯಕೀರ್ತಿ ಅವನನ್ನು ಹೊಡೆದೋಡಿಸಿದ. ಮಾಯಾವಿ ಆ ಹಗೆಯನ್ನು ಮರೆಯಲಿಲ್ಲ. ಒಂದು ಬೆಳಿಗ್ಗೆ ಜಯಕೀರ್ತಿ ಹೊಳೆಯಲ್ಲಿ ಮೀಯುತ್ತಿದ್ದಾಗ ದಡದಲ್ಲಿ ನಿಂತು ಒಂದು ಹಿಡಿ ಉಪ್ಪು ಮಂತ್ರಿಸಿ ಎಸೆದ. ರಾಜಕುಮಾರ ಅಂಗೈಯಗಲದ ಹಳದಿ ಮೀನಾದ.

ಮಧ್ಯಾಹ್ನಕ್ಕೆ ಧೂಮಜಂಘ ತಲೆಯ ಮೇಲೆ ದೊಡ್ಡದೊಂದು ಗಾಜಿನ ತೊಟ್ಟಿ ಹೊತ್ತು ಅರಮನೆಗೇ ಬಂದ. ತೊಟ್ಟಿಯ ತುಂಬ ಕಡಲ ನೀರು, ತಳದಲ್ಲಿ ಬಿಳಿ ಮರಳು, ಕಪ್ಪು ಕಲ್ಲು. ಕಲ್ಲಿನ ಮೇಲೆ ಹೂವಿನಂತೆ ಅರಳಿದ ಹವಳ, ಗಾಜಿಗೆ ಅಂಟಿ ತೆವಳುವ ಬಸವನಹುಳುಗಳು. ನಡುವೆ ಆ ಹಳದಿ ಮೀನು.

"ಮಹಾರಾಜಾ, ನಿನ್ನ ಮಗನನ್ನು ತಂದಿದ್ದೇನೆ. ಕಾರ್ತಿಕದ ಹುಣ್ಣಿಮೆಯವರೆಗೆ ಬದುಕಿದರೆ ಮನುಷ್ಯನಾಗುತ್ತಾನೆ. ಸತ್ತರೆ ಅವನೂ ನನ್ನವನು, ನಿನ್ನ ರಾಜ್ಯವೂ ನನ್ನದು."

"ನೀನು ನೀರಿಗೆ ವಿಷ ಬೆರೆಸುತ್ತೀಯ," ಎಂದ ರಾಜ.

"ನಾನೇಕೆ ಬೆರೆಸಲಿ? ಬೆರಳೂ ಅದ್ದುವುದಿಲ್ಲ. ಅವನನ್ನು ಕೊಲ್ಲುವ ಕೈ ನಿಮ್ಮ ಮನೆಯಲ್ಲೇ ಇದೆ."

ಹೀಗೆಂದು ಅವನು ನಕ್ಕು ಹೊರಟುಹೋದ. ಅಂದಿನಿಂದ ಅರಮನೆಯಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುವುದನ್ನು ಬಿಟ್ಟು ಕೈ ನೋಡತೊಡಗಿದರು. ಅಡುಗೆಯವನು ಹತ್ತಿರ ಬಂದರೆ ಕಾವಲಿನವನು ಈಟಿ ಎತ್ತುತ್ತಿದ್ದ. ಕಾವಲಿನವನು ಬಗ್ಗಿದರೆ ರಾಜನೇ ಕತ್ತಿಗೆ ಕೈ ಹಾಕುತ್ತಿದ್ದ.

ರಾಣಿ ಮಾತ್ರ ತೊಟ್ಟಿಯ ಬಳಿಯೇ ಕುಳಿತಳು. ಮಗ ಕಣ್ಣೆದುರಿಗೇ ಇದ್ದಾನೆ, ಆದರೆ ಪಂಕ್ತಿಯಲ್ಲಿಲ್ಲ. ಅವನ ತುತ್ತನ್ನು ಎಲ್ಲಿಡುವುದು? ಅರಿಶಿನ, ತುಪ್ಪ ಕಲಸಿದ ಅನ್ನವನ್ನು ತನ್ನ ಕೈಯಾರೆ ನೀರಿಗೆ ಬಿಟ್ಟಳು. ಮೀನು ಬಾಯಿ ತೆರೆಯಿತು. ಇನ್ನೊಂದು ತುತ್ತು ಬಿಟ್ಟಳು. ಸುದ್ದಿ ತಿಳಿದು ಊರ ಹೆಂಗಸರೂ ತಮ್ಮ ಮನೆಯ ಮೊದಲ ತುತ್ತನ್ನು ತಂದು ತೊಟ್ಟಿಗೆ ಹಾಕಿದರು. ಕೇಡು ಹತ್ತಿರ ಸುಳಿಯದಿರಲಿ ಎಂದು ರಾಜ ಸುತ್ತಲೂ ನಂದಾದೀಪ ಇಡಿಸಿದ. ದಾಸಿಯರು, "ಥೂ, ನಮ್ಮ ದೊರೆಮಗ ಇರೋ ಜಾಗದಲ್ಲಿ ಹುಳವೇ?" ಎಂದು ಬಸವನಹುಳುಗಳನ್ನು ಆರಿಸಿ ಉಪ್ಪುನೀರಿನ ಕೊಪ್ಪರಿಗೆಗೆ ಹಾಕಿ ಮೂಲೆಗಿಟ್ಟರು.

ಮೊದಲು ಮರಳಿನ ಮೇಲೆ ಕಂದು ಪುಡಿ ಉದುರಿದಂತಾಯಿತು. ಆಮೇಲೆ ಗಾಜು ಹಸಿರಾಯಿತು. ಆಮೇಲೆ ಕಲ್ಲಿನಿಂದ ಹಸಿರು ಎಳೆಗಳೆದ್ದವು. ಹೆಣದ ತಲೆಗೂದಲಿನಂತೆ ಉದ್ದವಾಗಿ, ಗಾಳಿಯಿಲ್ಲದೆಯೂ ತೂಗಾಡುತ್ತ. ಹವಳ ಮುಚ್ಚಿಕೊಂಡಿತು. ಒಂದು ದಿನ ಪದುಮಲೆ ನೋಡುತ್ತಿದ್ದಂತೆಯೇ ಒಂದು ಎಳೆ ಮೆಲ್ಲನೆ ಬಾಗಿ ಅಣ್ಣನ ಬಾಲವನ್ನು ಸುತ್ತಿತು. ಮೀನು ಕೊಸರಿಕೊಂಡು ಬಂತು. ಬಾಲದ ಅಂಚು ಹರಿದಿತ್ತು.

ಜನ ಹೆದರಿದರು. ಹೆದರಿದಷ್ಟೂ ಹೆಚ್ಚು ತುತ್ತು ತಂದರು. ತುತ್ತು ಹೆಚ್ಚಾದಷ್ಟೂ ಪಾಚಿ ಬೆಳೆಯಿತು.

ಪದುಮಲೆ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಕೊಪ್ಪರಿಗೆಯ ಒಳಗಿಂದ ಸಣ್ಣ ದನಿ ಕೇಳಿತು. "ಅಳೋದಕ್ಕೆ ಇಲ್ಲೇ ಜಾಗ ಸಿಕ್ಕಿತೇನು ತಂಗಿ? ಮೊದಲೇ ನಮ್ಮದು ಉಪ್ಪುನೀರು!"

ಇಣುಕಿದರೆ ಒಂದು ಮುದಿ ಬಸವನಹುಳು ಕೊಂಬು ಚಾಚಿತ್ತು.

"ಅಜ್ಜಾ, ಅಣ್ಣ ಸಾಯುತ್ತಿದ್ದಾನೆ. ಪಾಚಿಯನ್ನು ಕೊಲ್ಲುವುದು ಹೇಗೆ?"

"ಅದು ನಮ್ಮ ಊಟ. ಆದರೆ ನೀವು ಬೆಳೆಸುವಷ್ಟು ಬೇಗ ನಾವು ಮೇಯಲಾರೆವು. ಮೂರು ಕೆಲಸ ಆಗಬೇಕು. ಕೀಳಬೇಕು, ಕತ್ತಲು ಮಾಡಬೇಕು, ಉಪವಾಸ ಕೆಡವಬೇಕು. ಕೀಳುವುದು ನಿನ್ನ ಕೆಲಸ. ಕತ್ತಲು ನಿಮ್ಮಪ್ಪನದು."

"ಮೂರನೆಯದು?"

"ಅದು ನಿಮ್ಮವ್ವನದು. ಅದೇ ಕಷ್ಟ," ಎಂದು ಹುಳು ಚಿಪ್ಪಿನೊಳಗೆ ಸರಿಯಿತು.

ಪದುಮಲೆ ದೇವರನ್ನು ನೆನೆದು ತೊಟ್ಟಿಗೆ ಕೈಯಿಟ್ಟಳು. ಎಳೆಗಳು ಅವಳ ಬೆರಳಿಗೆ ಸುತ್ತಿ ಉಗುರಿನ ಸಂದಿಗೆ ನುಗ್ಗಿದವು. ಬೆಂಕಿಯಲ್ಲಿಟ್ಟಂತೆ ಉರಿಯಿತು. ಬುಡಸಮೇತ ಕಿತ್ತಳು. ಕಿತ್ತದ್ದನ್ನು ನೀರಿನಲ್ಲಿ ಬಿಡದೆ ಹೊರಗೆ ಬಿಸಿಲಿಗೆ ಹಾಕಿದಳು. ಅಂಗೈಯಿಂದ ರಕ್ತ ಸೋರುತ್ತಿದ್ದರೂ ಬಿಡಲಿಲ್ಲ. ಆದರೂ ಕಲ್ಲಿನ ಸಂದುಗಳಲ್ಲಿ ಬೇರು ಉಳಿಯಿತು.

ಆಮೇಲೆ ತಂದೆಯ ಕಾಲು ಹಿಡಿದಳು. "ಅಪ್ಪಾಜಿ, ದೀಪ ಆರಿಸಿ ತೊಟ್ಟಿಗೆ ಕಂಬಳಿ ಹೊದಿಸಬೇಕು."

"ನಂದಾದೀಪ ಆರಿಸಲೇನಮ್ಮ? ದೇವರು ಮೆಚ್ಚುತ್ತಾನೆಯೇ?"

"ದೇವರಿಗೆ ಹಚ್ಚಿದ ದೀಪ ಗುಡಿಯಲ್ಲಿರಲಿ ಅಪ್ಪಾಜಿ. ಇದನ್ನು ನಾವು ಹೆದರಿಕೆಗೆ ಹಚ್ಚಿದ್ದು."

ರಾಜ ದೀಪಗಳನ್ನು ಆರಿಸಿ ಕರಿಯ ಕಂಬಳಿ ಹೊದಿಸಿದ. ಕೂಡಲೇ ಕಂಬಳಿಯ ಒಳಗಿಂದ ಜಯಕೀರ್ತಿಯ ದನಿ ಕೇಳಿಸಿತು. "ಅಪ್ಪಾಜಿ, ಕಣ್ಣು ಕಾಣುತ್ತಿಲ್ಲ! ತೆಗೆಯಿರಿ!" ರಾಜ ಕಿವಿ ಮುಚ್ಚಿಕೊಂಡು ಕಂಬಕ್ಕೆ ಹಣೆಯೊತ್ತಿ ನಿಂತ. ಕೂಗು ಸಣ್ಣದಾಗುತ್ತ ಹೋಗಿ ನಿಂತಿತು. ಕೆಲವು ದಿನದ ಮೇಲೆ ಕಂಬಳಿ ತೆಗೆದರೆ ಗಾಜಿನ ಹಸಿರು ಕಳೆದಿತ್ತು, ಮೀನು ಬದುಕಿತ್ತು. ಆದರೆ ರಾಣಿ ಕಂಬಳಿಯ ಅಂಚಿನಲ್ಲಿ ಕೈ ತೂರಿಸಿ ದಿನವೂ ತುತ್ತು ಹಾಕಿದ್ದಳು. ಕಲ್ಲಿನ ಬುಡದಲ್ಲಿ ಹಸಿರು ಕೂದಲು ಮತ್ತೆ ಎದ್ದಿತ್ತು.

"ಅವ್ವಾ, ಇನ್ನು ತುತ್ತು ಹಾಕಬೇಡ."

ರಾಣಿ ಹಾವು ಹೆಡೆಯೆತ್ತಿದಂತೆ ತಿರುಗಿದಳು. "ಏನಂದೆ? ನೀನು ಹೊತ್ತುಹೊತ್ತಿಗೆ ಉಣ್ಣು, ನಿನ್ನ ಒಡಹುಟ್ಟಿದವನು ಹಸಿದು ಸಾಯಲಿ, ಅಲ್ಲವೇ? ಕೊಲ್ಲುವ ಕೈ ಯಾವುದೆಂದು ಈಗ ಗೊತ್ತಾಯಿತು ನನಗೆ. ದೂರ ಹೋಗು!"

ಪದುಮಲೆ ಗಾಯದ ಕೈಯನ್ನೇ ನೀರಿಗಿಟ್ಟು ಒಂದು ಕಲ್ಲನ್ನು ಎತ್ತಿ ತಾಯಿಯ ಮುಂದಿಟ್ಟಳು. ಕಲ್ಲಿನ ಕೆಳಗೆ ಕೊಳೆತ ಅನ್ನದ ಅಗುಳುಗಳಿದ್ದವು. ಒಂದೊಂದು ಅಗುಳಿನಿಂದಲೂ ಹಸಿರು ಕೂದಲು ಹೊರಟಿತ್ತು.

"ಈ ಅನ್ನ ಯಾರು ಕಲಸಿದ್ದು, ನೀನೇ ನೋಡವ್ವ."

ಅಗುಳಿಗೆ ಅರಿಶಿನದ ಬಣ್ಣ ಇನ್ನೂ ಇತ್ತು. ರಾಣಿ ಅದನ್ನು ನೋಡಿದಳು. ತನ್ನ ಬಲಗೈಯನ್ನು ನೋಡಿದಳು.

ಅಂದು ಬಾಗಿಲು ಮುಚ್ಚಿಸಿ ಊರವರ ತುತ್ತನ್ನು ತಡೆದರು. ಬಸವನಹುಳುಗಳನ್ನು ಮರಳಿ ತೊಟ್ಟಿಗೆ ಬಿಟ್ಟರು. ರಾಣಿ ತುತ್ತು ಹಿಡಿದೇ ಕುಳಿತಳು, ಹಾಕಲಾರಳು, ಕೆಳಗಿಡಲಾರಳು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಮೀನು ಗಾಜಿಗೆ ಬಂದು ಅವಳ ಎದುರಿಗೇ ಬಾಯಿ ತೆರೆದು ಮುಚ್ಚಿತು.

"ಅವ್ವಾ, ಹಸಿವು," ಎಂದಿತು ಪಾಚಿ, ಮಗನ ದನಿಯಲ್ಲಿ. "ಒಂದೇ ಒಂದು ತುತ್ತು. ನೀನೇ ಹೆತ್ತದ್ದಲ್ಲವೇ ನನ್ನನ್ನು? ಹಾಕದಿದ್ದರೆ ನನ್ನ ಆಯುಸ್ಸು ಸವೆಯುತ್ತದೆ ಅವ್ವಾ!"

ರಾಣಿಯ ಕೈ ನೀರಿನ ಮೇಲೆ ಹೋಯಿತು. ಎಳೆಗಳೆಲ್ಲ ಒಟ್ಟಿಗೆ ಮೇಲೆದ್ದು ಅವಳ ಬೆರಳಿನತ್ತ ಚಾಚಿದವು. ಪದುಮಲೆ ಆ ಕೈ ಹಿಡಿದು ಎಳೆಯಬಹುದಿತ್ತು. ಎಳೆಯಲಿಲ್ಲ. ಈ ಕೆಲಸ ಅವ್ವನದು.

ಹೊನ್ನಾದೇವಿ ಕಣ್ಣು ಮುಚ್ಚಿ, "ತಂದೇ, ತಪ್ಪಿದ್ದರೆ ಆ ಪಾಪ ನನಗಿರಲಿ," ಎಂದು ಇಷ್ಟದೈವವನ್ನು ನೆನೆದಳು. ಆ ತುತ್ತನ್ನು ತನ್ನ ಬಾಯಿಗೇ ಇಟ್ಟುಕೊಂಡಳು. ಅಳುತ್ತ ಅಗಿದಳು, ಅಳುತ್ತ ನುಂಗಿದಳು.

ಮೀನು ತಾಯಿಯನ್ನು ನೋಡಿತು. ಆಮೇಲೆ ಹಿಂದಕ್ಕೆ ತಿರುಗಿತು. ಕಲ್ಲಿನ ಬುಡಕ್ಕೆ ಹೋಗಿ ಒಂದು ಹಸಿರು ಎಳೆಯನ್ನು ಕಚ್ಚಿ ಕಿತ್ತು ತಿಂದಿತು.

ಕೋಟೆಯ ಹೊರಗೆ ಯಾರೋ ಕಿರುಚಿದರು.

ಮೀನು ಇನ್ನೊಂದು ಎಳೆ ತಿಂದಿತು. ತುಪ್ಪದನ್ನ ಬೀಳುತ್ತಿರುವವರೆಗೆ ಅದಕ್ಕೆ ಪಾಚಿಯ ನೆನಪೇ ಇರಲಿಲ್ಲ. ಈಗ ಹಸಿವು ಬೆನ್ನು ಹತ್ತಿತ್ತು. ಅದು ಮೇಲಿನಿಂದ ಮೇಯ್ದಿತು, ಹುಳುಗಳು ಕೆಳಗಿನಿಂದ ಮೇಯ್ದವು. ಕಾವಲಿನವರು ಓಡಿಬಂದರು. "ಮಹಾಸ್ವಾಮಿ, ಆಲದ ಮರದಡಿ ಹೊಂಚು ಹಾಕಿದ್ದ ಧೂಮಜಂಘನ ಜಡೆ ಉದುರಿತು, ಕೈಕಾಲು ಕರಗುತ್ತಿವೆ!" ಬೆರಳು ಅದ್ದುವುದಿಲ್ಲ ಎಂದವನು ತನ್ನ ಪ್ರಾಣವನ್ನೇ ಆ ನೀರಿನಲ್ಲಿ ಪಾಚಿಯ ಬೀಜವಾಗಿ ಅಡಗಿಸಿದ್ದ. ಕಡೆಯ ಎಳೆ ಹೋದಾಗ ಮರದಡಿ ಒಂದಿಷ್ಟು ಹಸಿರು ಕೆಸರು ಉಳಿಯಿತು. ಬಿಸಿಲು ಅದನ್ನೂ ಒಣಗಿಸಿತು. ಗಡಿಯಲ್ಲಿ ಕಳೆದುಹೋಗಿದ್ದ ಮಕ್ಕಳು ತಮ್ಮ ತಮ್ಮ ಮನೆಯ ಹೊಸ್ತಿಲಲ್ಲಿ ನಿಂತಿದ್ದರು.

ಅಲ್ಲಿಂದ ಹುಣ್ಣಿಮೆಯವರೆಗೆ ರಾಣಿ ದಿನಕ್ಕೊಂದು ಚಿಟಿಕೆ ಮಾತ್ರ ಹಾಕಿದಳು, ಮೀನು ತಿಂದು ಮುಗಿಸುವಷ್ಟು. ಹವಳ ಮತ್ತೆ ಅರಳಿತು. ಹುಣ್ಣಿಮೆಯ ಚಂದ್ರ ಬೆಟ್ಟದ ಮೇಲೆ ಬಂದಾಗ ಜಯಕೀರ್ತಿ ನೀರು ತೊಟ್ಟಿಕ್ಕುತ್ತ ತೊಟ್ಟಿಯಿಂದಿಳಿದು ತಾಯಿಯ ಪಾದ ಮುಟ್ಟಿದ.

ಅಣ್ಣ ತಂಗಿ ಪಂಕ್ತಿಯಲ್ಲಿ ಅಕ್ಕಪಕ್ಕ ಕುಳಿತರು. ರಾಣಿ ಬಡಿಸಿದಳು, ಮತ್ತೆ ಬಡಿಸಿದಳು. ಜಯಕೀರ್ತಿ ಎಲೆಯ ಮೇಲೆ ಕೈ ಅಡ್ಡವಿಟ್ಟು, "ಸಾಕವ್ವ," ಎಂದ. ಎತ್ತಿದ ಸೌಟು ಒಂದು ಗಳಿಗೆ ಹಾಗೇ ನಿಂತಿತು. ಹೊನ್ನಾದೇವಿ ಅದನ್ನು ಪಾತ್ರೆಗೆ ಇಳಿಸಿ, ಗಾಯ ಮಾಗಿದ ಮಗಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕುಳಿತಳು.

ಸಿರಿವಳ್ಳಿಯವರು ಬಹುಕಾಲ ಸುಖವಾಗಿ ಬಾಳಿದರು. ಅವರನ್ನು ಕಾಯ್ದ ದೇವರು ಈ ಕತೆ ಓದಿದವರ ಮನೆಮಕ್ಕಳನ್ನೂ ಕಾಯಲಿ.